ಓಡಾಟದ ದುಡ್ಡು ಕೇಳುವಾಗ ಒಂದೊಂದು ದಿನದ ಲೆಕ್ಕದಲ್ಲಿ ಕೇಳಿ

ನೀವು ಕೇಳಿರುವುದು ಇಷ್ಟು: ಚಿಂತಾಮಣಿ ಕಡೆಯ ಹಳ್ಳಿಯಲ್ಲಿರುವ ಚಿಕ್ಕಪ್ಪನಿಗೆ ಮೆದುಳಿನ ಕ್ಯಾನ್ಸರ್. ಆಪರೇಷನ್ ಆಗಿದೆ. ಇನ್ನು 30 ಸಲ ರೇಡಿಯೇಷನ್‌ಗೆ ಬೆಂಗಳೂರಿಗೆ ಹೋಗಿ ಬರಬೇಕು. ಚಿಕಿತ್ಸೆ ಸರ್ಕಾರದ ಆರೋಗ್ಯ ಕಾರ್ಡಿನಲ್ಲಿ ಆಗುತ್ತೆ, ಓಡಾಟಕ್ಕೆ ಮಾತ್ರ ದುಡ್ಡಿಲ್ಲ. ಯಾರನ್ನು ಕೇಳೋದು, ಹೇಗೆ ಕೇಳೋದು?

ನಾನು ಕೋಲಾರದವನು. ನಮ್ಮ ಸೋದರಮಾವನಿಗೂ ಇದೇ ಕಾಯಿಲೆ ಬಂದಿತ್ತು. ಮೊದಲ ಸಲ ನಾನು ದುಡ್ಡು ಕೇಳಿದ ರೀತಿಯೇ ತಪ್ಪಾಗಿತ್ತು. ಅದನ್ನೇ ಮೊದಲು ಹೇಳಿಬಿಡುತ್ತೇನೆ.

ತಲೆಗೆ ಹೊಲಿಗೆ ಹಾಕಿದ್ದ ಮಾವನ ಫೋಟೋ ಒಂದು ಇತ್ತು. ಅದರ ಕೆಳಗೆ 'ಕ್ಯಾನ್ಸರ್‌ನಿಂದ ಬಳಲುತ್ತಿರುವ ಬಡ ರೈತನಿಗೆ ದಯವಿಟ್ಟು ಸಹಾಯ ಮಾಡಿ' ಅಂತ ಬರೆದು ಎಂಟು ವಾಟ್ಸಾಪ್ ಗ್ರೂಪಿಗೆ ಹಾಕಿದೆ. ಎರಡು ದಿನದಲ್ಲಿ ಬಂದದ್ದು 2,300 ರೂಪಾಯಿ, ಜೊತೆಗೆ ಕೈ ಮುಗಿಯುವ ಚಿತ್ರಗಳು ರಾಶಿ ರಾಶಿ. ಮೂರನೇ ದಿನ ಪಕ್ಕದ ಮನೆ ಹುಡುಗ ಆ ಫೋಟೋನ ಮಾವನಿಗೇ ತೋರಿಸಿದ. 'ಏನಪ್ಪಾ, ನನ್ನ ಬೋಳು ತಲೆ ಊರಿಗೆಲ್ಲಾ ತೋರಿಸಿಬಿಟ್ಟೆಯಲ್ಲ' ಅಂದರು. ಜಗಳ ಮಾಡಲಿಲ್ಲ. ಅವತ್ತು ಮಧ್ಯಾಹ್ನ ಊಟಕ್ಕೆ ಏಳಲಿಲ್ಲ, ಅಷ್ಟೇ. ಎಲ್ಲಾ ಕಡೆ ಅಳಿಸಿದೆ. ನಿಮ್ಮ ಚಿಕ್ಕಪ್ಪನನ್ನು ಕೇಳದೆ ಒಂದು ಸಾಲೂ ಹೊರಗೆ ಹಾಕಬೇಡಿ.

ಆಮೇಲೆ ಅತ್ತೆ ಜೊತೆ ಕೂತು ಲೆಕ್ಕ ಹಾಕಿದೆವು. ರೇಡಿಯೇಷನ್‌ಗೆ ನಮ್ಮ ಕಡೆ 'ಕರೆಂಟು ಕೊಡೋದು' ಅಂತಾರಲ್ಲ, ಅದು ಸೋಮವಾರದಿಂದ ಶುಕ್ರವಾರದವರೆಗೆ, ಆರು ವಾರ. ಹಬ್ಬದ ರಜೆ ಬರುತ್ತೆ, ಮೆಷಿನ್ ಕೆಡುತ್ತೆ, ಒಂದು ದಿನ ಡಾಕ್ಟರು ಬೇಡ ಅಂತಾರೆ. ಹಾಗಾಗಿ 34 ದಿನ ಅಂತ ಹಿಡಿದೆವು. ಊರಿನ ಕಾರು ಹೋಗಿ, ಕಾದು, ವಾಪಸ್ ಬರೋದಕ್ಕೆ ಟೋಲ್ ಸೇರಿ 2,200 ರೂಪಾಯಿ. ದಿನಾ ಕಾರೇ ಆದರೆ 74,800. ಆ ಮೊತ್ತ ನೋಡಿ ಅತ್ತೆ ಪೆನ್ನು ಕೆಳಗಿಟ್ಟುಬಿಟ್ಟರು.

ಆದರೆ ದಿನಾ ಕಾರು ಬೇಕಿಲ್ಲ. ರೇಡಿಯೇಷನ್‌ನ ಸುಸ್ತು ಮೊದಲ ದಿನಾನೇ ಬರಲ್ಲ. ವಾರ ಕಳೆದ ಹಾಗೆ ಏರುತ್ತಾ ಹೋಗುತ್ತೆ. ಮೊದಲ ಎರಡು ವಾರ ಮಾವ ಬಸ್ಸಿನಲ್ಲೇ ಹೋಗಿ ಬಂದರು. ಅತ್ತೆಗೆ ಶಕ್ತಿ ಯೋಜನೆಯಲ್ಲಿ ಟಿಕೆಟ್ಟಿಗೆ ದುಡ್ಡಿಲ್ಲ, ಆಧಾರ್ ತೋರಿಸಿದರೆ ಸಾಕು (ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಬಸ್ಸಿಗೆ ಮಾತ್ರ, ಎಸಿ ಬಸ್ಸಿಗಿಲ್ಲ). ನಿಮ್ಮ ಚಿಕ್ಕಮ್ಮ ಜೊತೆಗೆ ಹೋಗುವ ಹಾಗಿದ್ದರೆ ಒಬ್ಬರ ಖರ್ಚು ಅಲ್ಲೇ ಉಳಿಯಿತು. ಮೂರನೇ ವಾರ ನರಸಾಪುರದ ಹತ್ತಿರ ಬಸ್ಸಿನಲ್ಲೇ ಮಾವನಿಗೆ ವಾಂತಿಯಾಯಿತು. ಅವತ್ತಿನಿಂದ ಕಾರು. ಅಂದರೆ ದುಡ್ಡನ್ನು ಕೊನೆಯ ವಾರಗಳಿಗೆ ಉಳಿಸಿಟ್ಟುಕೊಳ್ಳಿ. ನಮ್ಮ ಜನ ಉಲ್ಟಾ ಮಾಡುತ್ತಾರೆ. ಮೊದಲ ವಾರ ಗಾಬರಿಯಲ್ಲಿ ಕಾರು, ನಿಲ್ಲೋಕೂ ಆಗದ ಹೊತ್ತಿಗೆ ಬಸ್ಸು. ಒಂದು ಎಚ್ಚರಿಕೆ: ಬೈಕಿನ ಹಿಂದೆ ಕೂರಿಸಿಕೊಂಡು ಹೋಗುವ ಯೋಚನೆ ಬೇಡ. ಈ ಕಾಯಿಲೆಯಲ್ಲಿ ಫಿಟ್ಸ್ ಬರುವ ಭಯ ಯಾವಾಗಲೂ ಇರುತ್ತೆ. ಬಸ್ಸಿಗೂ ಡಾಕ್ಟರನ್ನು ಒಂದು ಮಾತು ಕೇಳಿ.

ರೈಲಿನಲ್ಲಿ ಕ್ಯಾನ್ಸರ್ ರೋಗಿಗೆ ರಿಯಾಯಿತಿ ಇದೆ, ಆಸ್ಪತ್ರೆಯವರು ಫಾರ್ಮ್ ತುಂಬಿ ಕೊಡಬೇಕು. ಸೆಕೆಂಡ್ ಕ್ಲಾಸಿಗೆ 75 ಪರ್ಸೆಂಟ್, ಸ್ಲೀಪರಿನಲ್ಲಿ ರೋಗಿಗೆ ಪೂರ್ತಿ ವಿನಾಯಿತಿ. ಮುಂಬೈಗೋ ದೂರದ ಊರಿಗೋ ಹೋಗುವವರಿಗೆ ಅದು ದೊಡ್ಡ ಉಳಿತಾಯ. ಬಂಗಾರಪೇಟೆಯಿಂದ ಬೆಂಗಳೂರಿಗೆ ಟಿಕೆಟ್ಟೇ ಅಗ್ಗ, ಅದಕ್ಕೋಸ್ಕರ ಫಾರ್ಮ್ ಹಿಡಿದು ಕ್ಯೂ ನಿಲ್ಲೋದು ಸುಮ್ನೆ.

ಉಳಿದುಕೊಳ್ಳುವ ದಾರಿಯೂ ಇದೆ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯ ಆವರಣದಲ್ಲಿ ಧರ್ಮಶಾಲೆ ಇದೆ. ನಿಮ್ಮ ಆಸ್ಪತ್ರೆ ಬೇರೆಯಾಗಿದ್ದರೆ ಅಲ್ಲಿನ ಸಮಾಜ ಕಾರ್ಯಕರ್ತರನ್ನು ವಿಚಾರಿಸಿ. ಸೋಮವಾರ ಹೋಗಿ ಶುಕ್ರವಾರ ಬಂದರೆ ಅರ್ಧಕ್ಕಿಂತ ಜಾಸ್ತಿ ಉಳಿಯುತ್ತೆ. ಮಾವ ಒಪ್ಪಲಿಲ್ಲ. ರಾತ್ರಿ ಎದ್ದರೆ ಎಲ್ಲಿದ್ದೀನಿ ಅಂತ ಗೊತ್ತಾಗುತ್ತಿರಲಿಲ್ಲ, ಸ್ವಂತ ಮನೆಯ ಗೋಡೆ ಬೇಕಿತ್ತು ಅವರಿಗೆ. ಇದಕ್ಕೆ ನಾವು ಬಲವಂತ ಮಾಡಲಿಲ್ಲ.

ಇಷ್ಟೆಲ್ಲಾ ಕಳೆದ ಮೇಲೆ ಬೇಕಾಗಿದ್ದು 24 ದಿನದ ಕಾರು. ಎರಡನೇ ಮೆಸೇಜು ಹೀಗಿತ್ತು: 'ನಮ್ಮ ಮಾವನಿಗೆ ಬೆಂಗಳೂರಿನಲ್ಲಿ ಚಿಕಿತ್ಸೆ ನಡೆಯುತ್ತಿದೆ. ಆಸ್ಪತ್ರೆ ಖರ್ಚು ಕಾರ್ಡಿನಲ್ಲಿ ಆಗುತ್ತಿದೆ. ಕಾರಿಗೆ ದಿನಕ್ಕೆ 2,200. ಇನ್ನೂ 24 ದಿನ ಇದೆ. ಒಂದು ದಿನ, ಅಥವಾ ಅರ್ಧ ದಿನ, ನೀವು ನೋಡಿಕೊಳ್ಳುತ್ತೀರಾ? ತಾರೀಕು ಹೇಳಿ.' ಫೋಟೋ ಇಲ್ಲ. ಗ್ರೂಪಿಗೂ ಹಾಕಲಿಲ್ಲ, ಮಾವನನ್ನು ಬಲ್ಲ ನಲವತ್ತು ಜನರಿಗೆ ಒಬ್ಬೊಬ್ಬರಿಗೇ ಕಳಿಸಿದೆ. ಕ್ಯಾನ್ಸರಿಗೆ ದುಡ್ಡು ಅಂದರೆ ಕೈ ಹಿಂದೆಗೆಯುತ್ತೆ, ಅದಕ್ಕೆ ಕೊನೆ ಎಲ್ಲಿ ಅಂತ ಯಾರಿಗೂ ಗೊತ್ತಿಲ್ಲ. ಬುಧವಾರದ ಕಾರು ಅಂದರೆ ಬುಧವಾರಕ್ಕೆ ಮುಗಿಯಿತಲ್ವಾ.

ಹಾಲಿನ ಡೇರಿಯಲ್ಲಿ ಮಾವನ ಜೊತೆ ದಿನಾ ಹಾಲು ಹಾಕುತ್ತಿದ್ದ ನಾಲ್ಕು ಜನ ಬಟವಾಡೆ ದಿನ ಸೇರಿ ಎರಡು ದಿನ ತಗೊಂಡರು. ಟೊಮ್ಯಾಟೊ ಮಂಡಿಯವರು ಒಂದು ವಾರ ಪೂರ್ತಿ ಹೊತ್ತರು, ರೇಟು ಚೆನ್ನಾಗಿದ್ದ ಕಾಲ ಅದು. ಅತ್ತೆಯ ಸ್ತ್ರೀಶಕ್ತಿ ಸಂಘದಿಂದ ಸಾಲ ತಗೊಳ್ಳಿ ಅಂದರು ಕೆಲವರು, ನಾವು ಬೇಡ ಅಂದೆವು. ದುಡಿಯುವ ಕೈ ಮಲಗಿರುವಾಗ ವಾರದ ಕಂತು ಯಾರು ಕಟ್ಟೋದು? ಆನ್‌ಲೈನಿನಲ್ಲಿ ದೇಣಿಗೆ ಎತ್ತುವ ಮಿಲಾಪ್, ಕೆಟ್ಟೋ ತರದ ತಾಣಗಳು ಲಕ್ಷಗಟ್ಟಲೆ ಬಿಲ್ಲಿಗೆ ಸರಿ. ಅರ್ಧ ಲಕ್ಷದ ಓಡಾಟಕ್ಕೆ ಊರಿನವರೇ ಸಾಕು ಅಂತ ನನ್ನ ಅನಿಸಿಕೆ. ಇನ್ನೊಂದು: ದುಡ್ಡು ನಿಮ್ಮ ಖಾತೆಗೆ ಬೇಡ, ಚಿಕ್ಕಮ್ಮನ ಖಾತೆಗೆ ಬರಲಿ. ನಾನು ನನ್ನ ಫೋನ್ ನಂಬರಿಗೆ ಹಾಕಿಸಿಕೊಂಡಿದ್ದೆ. ಹೊಸ ಚಪ್ಪಲಿ ಹಾಕಿಕೊಂಡು ಮದುವೆಗೆ ಹೋದಾಗ ಒಬ್ಬ ಸಂಬಂಧಿಕ ಕಾಲು ನೋಡಿ ನಕ್ಕ.

ಆಗ ಅತ್ತೆ ಒಂದು ನೂರು ಪುಟದ ನೋಟ್‌ಬುಕ್ ತಂದರು. ತಾರೀಕು, ಯಾರ ದಿನ, ಕಾರಿಗೆಷ್ಟು, ಟೀಗೆಷ್ಟು. ಸಂಜೆ ಆ ಪುಟದ ಫೋಟೋ ತೆಗೆದು ಅವತ್ತಿನ ದುಡ್ಡು ಕೊಟ್ಟವರಿಗೆ ಕಳಿಸುತ್ತಿದ್ದೆ. ಕೊಟ್ಟವರು ರಾತ್ರಿ ಫೋನ್ ಮಾಡಿ ಹೇಗಿದ್ದಾರೆ ಅಂತ ಕೇಳೋರು. ಮಾವ ಫೋನ್ ಇಸ್ಕೊಂಡು ತಾವೇ ಮಾತಾಡೋರು. ರೇಡಿಯೇಷನ್ ಕೊಡುವಾಗ ತಲೆ ಅಲುಗದ ಹಾಗೆ ಮುಖಕ್ಕೆ ಬಿಗಿಯುವ ಬಲೆಯ ಮುಖವಾಡದ ಗುರುತು ಅವರ ಹಣೆ ಮೇಲೆ ಚೌಕ ಚೌಕವಾಗಿ ಸಂಜೆವರೆಗೂ ಇರುತ್ತಿತ್ತು. ಅದನ್ನು ಸವರಿಕೊಂಡೇ 'ಇವತ್ತು ನಿನ್ನ ಗಾಡೀಲಿ ಹೋಗಿ ಬಂದೆ ಕಣಪ್ಪಾ' ಅನ್ನೋರು.

30 ಮುಗಿದರೆ ಓಡಾಟ ಮುಗಿಯಲ್ಲ, ಇದನ್ನು ನಮಗೆ ಯಾರೂ ಹೇಳಿರಲಿಲ್ಲ. ಸುಮಾರು ಒಂದು ತಿಂಗಳು ಕಳೆದ ಮೇಲೆ ಎಂಆರ್‌ಐ ಸ್ಕ್ಯಾನ್. ಕ್ಯಾನ್ಸರಿನ ಕೀಮೋ ಮಾತ್ರೆ ಮುಂದುವರಿಸಿದರೆ 28 ದಿನಕ್ಕೊಮ್ಮೆ ಐದು ದಿನದ ಮಾತ್ರೆ, ಪ್ರತಿ ಸಲ ರಕ್ತ ಪರೀಕ್ಷೆ, ಸಾಮಾನ್ಯವಾಗಿ ಆರು ತಿಂಗಳು. ರಕ್ತ ಪರೀಕ್ಷೆ ಊರಲ್ಲೇ ಮಾಡಿಸಿ ರಿಪೋರ್ಟ್ ಕಳಿಸಬಹುದಾ ಅಂತ ಡಾಕ್ಟರನ್ನು ಕೇಳಿ, ನಮಗೆ ಒಪ್ಪಿದರು, ಮೂರು ಓಡಾಟ ಉಳಿಯಿತು. ನಲವತ್ತು ಜನರನ್ನೂ ಮೊದಲ ತಿಂಗಳಲ್ಲೇ ಕೇಳಿ ಮುಗಿಸಬೇಡಿ. ಹತ್ತು ಜನರನ್ನು ಆಮೇಲಿಗೆ ಇಟ್ಟುಕೊಳ್ಳಿ. ಮಾವ ಆಮೇಲೆ ಹದಿನಾಲ್ಕು ತಿಂಗಳು ಇದ್ದರು. ಆ ಹತ್ತು ಜನ ಬಹಳ ಕೆಲಸಕ್ಕೆ ಬಂದರು.

ನಾಳೆ ಆಸ್ಪತ್ರೆಗೆ ಹೋದಾಗ ರೇಡಿಯೇಷನ್ ಕೌಂಟರಿನಲ್ಲಿ ಒಂದು ವಿಷಯ ಕೇಳಿ: ಹೊಸಕೋಟೆ ದಾರಿಯಿಂದ ಬರುವ ಬೇರೆ ರೋಗಿ ಯಾರಾದರೂ ಇದ್ದಾರಾ, ಇಬ್ಬರಿಗೂ ಒಂದೇ ಹೊತ್ತು ಕೊಡಲು ಆಗುತ್ತಾ ಅಂತ. ನಮಗೆ ಐದನೇ ವಾರದಲ್ಲಿ ಮುಳಬಾಗಿಲಿನ ಒಬ್ಬ ಮೇಷ್ಟ್ರು ಹಾಗೆ ಸಿಕ್ಕರು. ಕಾರಿನ ಬಾಡಿಗೆ ಅರ್ಧ ಆಯಿತು. ಮಾವನಿಗೆ ದಾರಿಯುದ್ದಕ್ಕೂ ಮಾತಿಗೆ ಜನ ಸಿಕ್ಕರು.