ಮುಂದಿನ ಹಲ್ಲಿನ ಅಂದಕ್ಕೆ ಕ್ಯಾಪ್ ಹಾಕಿಸಲೇಬೇಕೆ?

(ಓದುಗರ ಪ್ರಶ್ನೆಗಳಿಗೆ ದಂತವೈದ್ಯರ ಉತ್ತರ)

ಈ ಸಲ ಬಂದ ಪತ್ರಗಳಲ್ಲಿ ಹಲ್ಲುನೋವಿನ ಪತ್ರಗಳು ಕಡಿಮೆ, ಹಲ್ಲಿನ ಅಂದದ ಪತ್ರಗಳೇ ಹೆಚ್ಚು. ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳಲ್ಲಿ ಹಲವು ವರ್ಷಗಳಿಂದ ಹಲ್ಲಿನ ಚಿಕಿತ್ಸೆ ಮಾಡುತ್ತಿರುವ ನನಗೆ ಇದು ಆಶ್ಚರ್ಯದ ಸಂಗತಿಯಲ್ಲ. ಈ ಸೀಮೆಯ ನೀರೂ ಅಡಿಕೆಯೂ ಅನೇಕರ ನಗುವನ್ನು ಚಿಕ್ಕ ವಯಸ್ಸಿನಲ್ಲೇ ಕಸಿದುಕೊಂಡಿರುವುದನ್ನು ದಿನವೂ ನೋಡುತ್ತಿದ್ದೇನೆ.

ಪ್ರಶ್ನೆ: ನಮಸ್ಕಾರ ಡಾಕ್ಟರೇ. ನಾನು ಜಗಳೂರು ತಾಲ್ಲೂಕಿನ ಹಳ್ಳಿಯವಳು, ವಯಸ್ಸು 23, ಬಿ.ಎಡ್. ಓದುತ್ತಿದ್ದೇನೆ. ಮೇಲಿನ ಬಾಚಿಹಲ್ಲುಗಳ ಮೇಲೆ ಸುಣ್ಣ ಬಳಿದಂಥ ಬಿಳಿ ಮಚ್ಚೆಗಳೂ ಕಂದು ಕಲೆಗಳೂ ಇವೆ. ಎಷ್ಟು ಉಜ್ಜಿದರೂ ಹೋಗುವುದಿಲ್ಲ. ತರಗತಿಯಲ್ಲಿ ಪಾಠ ಮಾಡುವಾಗಲೂ ಕೈ ತಾನಾಗಿ ಬಾಯಿಗೆ ಅಡ್ಡ ಬರುತ್ತದೆ. ಒಂದು ಕಡೆ ತೋರಿಸಿದಾಗ, ಮುಂದಿನ ಆರೂ ಹಲ್ಲುಗಳಿಗೆ ಕ್ಯಾಪ್ ಹಾಕಿಸಿಬಿಡಿ, ಒಂದು ವಾರದಲ್ಲಿ ಮುಗಿಯುತ್ತದೆ ಎಂದರು. ಮನೆಯಲ್ಲಿ ಗಂಡು ನೋಡುತ್ತಿದ್ದಾರೆ, ಬೇಗ ಮಾಡಿಸು ಎನ್ನುತ್ತಿದ್ದಾರೆ. ಮಾಡಿಸಲೇ?

ಉತ್ತರ: ದಯವಿಟ್ಟು ಈಗಲೇ ಒಪ್ಪಿಕೊಳ್ಳಬೇಡಿ. ನಿಮ್ಮ ವರ್ಣನೆಯನ್ನು ನೋಡಿದರೆ ಇದು ಹೆಚ್ಚಾಗಿ ಹಲ್ಲಿನ ಫ್ಲೋರೋಸಿಸ್, ಅಂದರೆ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಎಂಬ ಲವಣಾಂಶ ಹೆಚ್ಚಾಗಿ ಹಲ್ಲಿಗೆ ಬರುವ ಕಲೆ. ಉಜ್ಜುವುದರಲ್ಲಿ ನಿಮ್ಮ ತಪ್ಪೇನೂ ಇಲ್ಲ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಪ್ರಮಾಣ ಲೀಟರಿಗೆ 1 ಮಿಲಿಗ್ರಾಂ ದಾಟಬಾರದೆಂದೂ, ಬೇರೆ ನೀರಿನ ಮೂಲವೇ ಇಲ್ಲದಿದ್ದಲ್ಲಿ ಹೆಚ್ಚೆಂದರೆ 1.5 ಮಿಲಿಗ್ರಾಂವರೆಗೆ ಸಹಿಸಬಹುದೆಂದೂ ಭಾರತೀಯ ಮಾನಕ ಹೇಳುತ್ತದೆ. ನಮ್ಮ ಭಾಗದ ಎಷ್ಟೋ ಕೊಳವೆಬಾವಿಗಳ ನೀರು ಈ ಮಿತಿಯನ್ನು ಮೀರಿದೆ. ಬಂಡೆಯ ಸಂದುಗಳಲ್ಲಿ ನಿಂತ ನೀರು ಕಲ್ಲಿನಲ್ಲಿರುವ ಫ್ಲೋರೈಡನ್ನು ಕರಗಿಸಿಕೊಂಡು ಮೇಲೆ ಬರುವುದೇ ಇದಕ್ಕೆ ಕಾರಣ.

ಮೇಲಿನ ಬಾಚಿಹಲ್ಲುಗಳ ಹೊರಕವಚವಾದ ಎನಾಮೆಲ್, ಮಗು ಹುಟ್ಟಿದ ಕೆಲವೇ ತಿಂಗಳಲ್ಲಿ ದವಡೆಯೊಳಗೆ ರೂಪುಗೊಳ್ಳತೊಡಗಿ ನಾಲ್ಕೈದನೆಯ ವರ್ಷದ ಹೊತ್ತಿಗೆ ಪೂರ್ಣವಾಗುತ್ತದೆ. ಆ ಅವಧಿಯಲ್ಲಿ ಮಗು ಕುಡಿದ ನೀರಿನ ಫ್ಲೋರೈಡ್ ಹೆಚ್ಚಾದರೆ ಎನಾಮೆಲ್ ಗಟ್ಟಿಯಾಗಿ ಕೂಡಿಕೊಳ್ಳದೆ ಒಳಗೊಳಗೇ ಸೂಕ್ಷ್ಮ ರಂಧ್ರಗಳು ಉಳಿಯುತ್ತವೆ. ಹಲ್ಲು ಹುಟ್ಟುವಾಗ ಸುಣ್ಣದಂತೆ ಬಿಳಿಚಿಕೊಂಡಿರುತ್ತದೆ; ಆಮೇಲೆ ವರ್ಷಗಟ್ಟಲೆ ಆಹಾರ, ಚಹಾಗಳ ಬಣ್ಣ ಆ ರಂಧ್ರಗಳಿಗೆ ಇಳಿದು ಕಂದಾಗುತ್ತದೆ. ಕಲೆ ಹಲ್ಲಿನ ಒಳಗೇ ಇರುವುದರಿಂದ ಬ್ರಷ್ಷಿಗೆ ಅದು ಸಿಗುವುದಿಲ್ಲ.

ಈಗ ಕ್ಯಾಪ್‌ನ ಮಾತು. ಕ್ಯಾಪ್ ಕೂರಿಸಬೇಕಾದರೆ ಹಲ್ಲನ್ನು ಸುತ್ತಲೂ ಕೊರೆದು ಸಣ್ಣ ಗೂಟದಂತೆ ಮಾಡಬೇಕಾಗುತ್ತದೆ; ಬಾಯಲ್ಲಿ ಕಾಣುವ ಭಾಗದ ಸುಮಾರು ಮೂರನೇ ಎರಡರಷ್ಟು ಹೋಗಿಬಿಡುತ್ತದೆ. ಕೊರೆದ ಎನಾಮೆಲ್ ಮತ್ತೆ ಬೆಳೆಯುವುದಿಲ್ಲ. ಅಷ್ಟು ಕೊರೆದ ಹಲ್ಲುಗಳಲ್ಲಿ ಕೆಲವಕ್ಕೆ ಮುಂದೆ ರೂಟ್ ಕೆನಾಲ್ (ಹಲ್ಲಿನೊಳಗಿನ ನರ ತೆಗೆದು ಬೇರಿನ ನಾಳವನ್ನು ತುಂಬುವ ಚಿಕಿತ್ಸೆ) ಬೇಕಾಗುವುದೂ ಉಂಟು. ಕ್ಯಾಪ್‌ಗೂ ಒಂದು ಆಯುಸ್ಸಿದೆ, ಹದಿನೈದು ವರ್ಷವೇ ಬಾಳಿತೆಂದುಕೊಂಡರೂ ನಿಮಗೆ ಮೂವತ್ತೆಂಟು ಆಗುವಷ್ಟರಲ್ಲಿ ಆರನ್ನೂ ಬದಲಿಸಬೇಕು, ಐವತ್ತು ದಾಟಿದ ಮೇಲೆ ಮತ್ತೊಮ್ಮೆ. ಒಡೆದು ಹೋದ, ಹುಳುಕು ತಿಂದ ಹಲ್ಲಿಗೆ ಕ್ಯಾಪ್ ಬಹಳ ಒಳ್ಳೆಯ ಚಿಕಿತ್ಸೆ, ನಾನೂ ಹಾಕುತ್ತೇನೆ. ಗಟ್ಟಿಯಾಗಿರುವ ಆರು ಹಲ್ಲುಗಳನ್ನು ಬಣ್ಣಕ್ಕಾಗಿ ಮಾತ್ರ ಹೀಗೆ ಕೊರೆಯುವುದನ್ನು ಕಂಡಾಗ ನನಗೆ ಸಂಕಟವಾಗುತ್ತದೆ.

ಹಾಗಾದರೆ ಏನು ಮಾಡಬೇಕು? ಮೊದಲು ಹಲ್ಲುಗಳನ್ನು ಸ್ವಚ್ಛಗೊಳಿಸಿಕೊಂಡು ಕಲೆ ಎಷ್ಟು ಆಳಕ್ಕಿದೆ ಎಂಬುದನ್ನು ನೋಡಿಸಿ. ಕಲೆ ಮೇಲ್ಪದರದಲ್ಲಿದ್ದರೆ ಮೈಕ್ರೋಅಬ್ರೇಶನ್ ಎಂಬ ವಿಧಾನವಿದೆ. ವಸಡಿಗೆ ಔಷಧ ತಾಗದಂತೆ ರಬ್ಬರ್ ಹಾಳೆ ಕಟ್ಟಿ, ದುರ್ಬಲಗೊಳಿಸಿದ ಹೈಡ್ರೋಕ್ಲೋರಿಕ್ ಆಮ್ಲವನ್ನು ನುಣ್ಣನೆಯ ಪ್ಯೂಮಿಸ್ ಪುಡಿಯೊಂದಿಗೆ ಕಲಸಿ ಒಂದೊಂದೇ ಹಲ್ಲನ್ನು ಕೆಲವು ಸೆಕೆಂಡು ಉಜ್ಜಿ, ತೊಳೆದು, ಮತ್ತೆ ಉಜ್ಜುತ್ತಾರೆ. ಹೋಗುವುದು ಮಿಲಿಮೀಟರಿನ ಹತ್ತನೇ ಒಂದೆರಡು ಪಾಲು ಮಾತ್ರ. ಕಂದು ಬಣ್ಣಕ್ಕೆ ಇದು ಚೆನ್ನಾಗಿ ಫಲ ಕೊಡುತ್ತದೆ. ನಾಲ್ಕೈದು ಬಾರಿ ಉಜ್ಜಿ ತೊಳೆದಾಗ ಕಾಫಿಬಣ್ಣದ ಪಟ್ಟಿ ತಿಳಿಹಳದಿಯಾಗಿ, ಆಮೇಲೆ ಮಸುಕಾಗಿ ಹೋಗುವುದನ್ನು ಕನ್ನಡಿ ಹಿಡಿದ ರೋಗಿಗೇ ತೋರಿಸಬಹುದು.

ಅದರ ನಂತರ ಬ್ಲೀಚಿಂಗ್. ನಿಮ್ಮ ಹಲ್ಲಿನ ಅಳತೆಗೆ ತೆಳುವಾದ ಪಾರದರ್ಶಕ ಟ್ರೇ ಮಾಡಿಸಿ, ಅದರೊಳಗೆ ಶೇ. 10ರ ಕಾರ್ಬಮೈಡ್ ಪೆರಾಕ್ಸೈಡ್ ಜೆಲ್ ಹಚ್ಚಿ, ವೈದ್ಯರು ಹೇಳಿದಂತೆ ಎರಡು ಮೂರು ವಾರ ರಾತ್ರಿ ಹಾಕಿಕೊಂಡು ಮಲಗುವುದು. ಬ್ಲೀಚಿಂಗ್ ಬಿಳಿ ಮಚ್ಚೆಯನ್ನು ಅಳಿಸುವುದಿಲ್ಲ. ಉಳಿದ ಹಲ್ಲನ್ನು ತಿಳಿಯಾಗಿಸುವುದರಿಂದ ಮಚ್ಚೆ ಎದ್ದು ಕಾಣುವುದು ಕಡಿಮೆಯಾಗುತ್ತದೆ. ಆ ದಿನಗಳಲ್ಲಿ ತಣ್ಣೀರಿಗೆ ಹಲ್ಲು ಜುಮ್ಮೆನ್ನಬಹುದು, ನಿಲ್ಲಿಸಿದ ಮೇಲೆ ಅದು ಹೋಗುತ್ತದೆ. ಗರ್ಭಿಣಿಯರು ಇದನ್ನು ಮಾಡಿಸಿಕೊಳ್ಳಬಾರದು. ಬಿಳಿ ಮಚ್ಚೆಗಳ ರಂಧ್ರಗಳಿಗೆ ನೀರಿನಷ್ಟು ತೆಳುವಾದ ರೆಸಿನ್ ಎಂಬ ಅಂಟುದ್ರವವನ್ನು ಇಳಿಸಿ, ನೀಲಿ ಬೆಳಕಿನಿಂದ ಗಟ್ಟಿಗೊಳಿಸುವ ವಿಧಾನವೂ ಈಗ ಬಂದಿದೆ. ಇದರಲ್ಲಿ ಕೊರೆಯುವುದೇ ಇಲ್ಲ.

ಇಷ್ಟಾದ ಮೇಲೂ ಗುಳಿಗಳೋ ಗಾಢ ಕಲೆಗಳೋ ಉಳಿದರೆ ಆ ಜಾಗಕ್ಕೆ ಮಾತ್ರ ಹಲ್ಲಿನ ಬಣ್ಣದ ಕಾಂಪೋಸಿಟ್ ತುಂಬಿಸಿ. ಬ್ಲೀಚಿಂಗ್ ಮುಗಿದು ಎರಡು ವಾರವಾದರೂ ಕಳೆಯದೆ ಕಾಂಪೋಸಿಟ್ ಹಚ್ಚಿಸಬೇಡಿ. ಜೆಲ್ಲಿನ ಆಮ್ಲಜನಕ ಹಲ್ಲಿನಲ್ಲಿ ಉಳಿದಿದ್ದರೆ ಅಂಟು ಸರಿಯಾಗಿ ಹಿಡಿಯುವುದಿಲ್ಲ, ಬಣ್ಣವೂ ಅಷ್ಟರಲ್ಲಿ ಸ್ಥಿರವಾಗಿರುವುದಿಲ್ಲ. ಕೊನೆಯ ಮೆಟ್ಟಿಲು ಸಿರಾಮಿಕ್ ವಿನಿಯರ್, ಅಂದರೆ ಹಲ್ಲಿನ ಮುಂಬದಿಯಿಂದ ಅರ್ಧ ಮಿಲಿಮೀಟರಿನಷ್ಟು ತೆಗೆದು ಅಂಟಿಸುವ ತೆಳು ಹಾಳೆ. ಅದಕ್ಕೂ ಸ್ವಲ್ಪ ಕೊರೆಯಬೇಕು, ಆದರೆ ಕ್ಯಾಪ್‌ಗೆ ಹೋಲಿಸಿದರೆ ಬಹಳ ಕಡಿಮೆ. ಫ್ಲೋರೋಸಿಸ್ ಆದ ಎನಾಮೆಲ್‌ಗೆ ಅಂಟು ಹಿಡಿಸಲು ಅನುಭವ ಬೇಕಾಗುವುದರಿಂದ, ಇಂಥ ಹಲ್ಲುಗಳ ಕೆಲಸ ಮಾಡಿ ಬಲ್ಲವರನ್ನೇ ಹುಡುಕಿ.

ಖರ್ಚಿನ ಚಿಂತೆಯಿದ್ದರೆ ದಾವಣಗೆರೆಯಲ್ಲೂ ಚಿತ್ರದುರ್ಗದಲ್ಲೂ ದಂತವೈದ್ಯಕೀಯ ಕಾಲೇಜುಗಳಿವೆ. ಖಾಸಗಿ ಚಿಕಿತ್ಸಾಲಯಕ್ಕಿಂತ ಅಲ್ಲಿ ಶುಲ್ಕ ಸಾಮಾನ್ಯವಾಗಿ ಕಡಿಮೆ. ಎರಡು ಮೂರು ಸಲ ಓಡಾಡಬೇಕಾದೀತು, ಹೊತ್ತೂ ಹಿಡಿದೀತು, ಆದರೆ ಫ್ಲೋರೋಸಿಸ್ ಹಲ್ಲುಗಳನ್ನು ಪ್ರತಿದಿನ ನೋಡುವವರು ಅಲ್ಲಿದ್ದಾರೆ. ಮದುವೆಯ ಮಾತುಕತೆಗೆ ಅವಸರವೆಂದು ಮನೆಯವರು ಹೇಳಿದರೆ, ಮೈಕ್ರೋಅಬ್ರೇಶನ್ನೂ ಬ್ಲೀಚಿಂಗೂ ಸೇರಿ ಒಂದೂವರೆ ತಿಂಗಳೊಳಗೆ ಮುಗಿಯುತ್ತವೆ ಎಂದು ತಿಳಿಸಿ.

ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಇನ್ನೊಂದು ಮಾತು. ಕೊಳವೆಬಾವಿಯ ನೀರನ್ನು ಕುದಿಸಿ ಕೊಡುತ್ತೇವೆ ಎಂದು ಅನೇಕ ತಾಯಂದಿರು ನೆಮ್ಮದಿಯಿಂದಿರುತ್ತಾರೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಇಂಗಿದಷ್ಟೂ ಅದರ ಸಾಂದ್ರತೆ ಹೆಚ್ಚುತ್ತದೆ. ಊರಿನ ಶುದ್ಧ ನೀರಿನ ಘಟಕದಲ್ಲಿ ಆರ್.ಒ. ಯಂತ್ರ ಸರಿಯಾಗಿ ಕೆಲಸ ಮಾಡುತ್ತಿದ್ದರೆ ಆ ನೀರನ್ನೇ ಕುಡಿಯಲೂ ಅಡುಗೆಗೂ ಬಳಸಿ.

ಪ್ರಶ್ನೆ: ನನ್ನ ಹತ್ತು ವರ್ಷದ ಮಗ ಶಾಲೆಯಲ್ಲಿ ಕಬಡ್ಡಿ ಆಡುವಾಗ ಬಿದ್ದು ಮೇಲಿನ ಬಾಚಿಹಲ್ಲಿನ ಮೂಲೆ ಮುರಿದುಕೊಂಡಿದ್ದಾನೆ. ಮುರಿದ ಚೂರನ್ನು ಮೇಷ್ಟ್ರು ಕಾಗದದಲ್ಲಿ ಸುತ್ತಿ ಕೊಟ್ಟಿದ್ದಾರೆ. ಮೂರು ದಿನವಾಯಿತು. ಇದಕ್ಕೆ ಕ್ಯಾಪ್ ಹಾಕಿಸಬಹುದೇ? (ಚಳ್ಳಕೆರೆಯ ತಾಯಿಯೊಬ್ಬರು)

ಉತ್ತರ: ಚೂರನ್ನು ಎತ್ತಿಟ್ಟ ಮೇಷ್ಟ್ರಿಗೆ ನನ್ನ ನಮಸ್ಕಾರ ತಿಳಿಸಿ ತಾಯಿ. ಆ ಚೂರನ್ನು ಈಗಲೇ ಶುದ್ಧ ನೀರಿನಲ್ಲಿ ಹಾಕಿಟ್ಟುಕೊಂಡು, ನಾಳೆಯೇ ಮಗನನ್ನು ದಂತವೈದ್ಯರಲ್ಲಿಗೆ ಕರೆದುಕೊಂಡು ಹೋಗಿ. ಮುರಿದ ಜಾಗದಲ್ಲಿ ಗುಲಾಬಿ ಚುಕ್ಕೆಯೋ ರಕ್ತವೋ ಕಂಡರೆ ನಾಳೆಯವರೆಗೂ ಕಾಯಬೇಡಿ. ಎಕ್ಸ್‌ರೇಯಲ್ಲಿ ಬೇರು ಸರಿಯಾಗಿದ್ದರೆ ಅದೇ ಚೂರನ್ನು ಕಾಂಪೋಸಿಟ್ ಅಂಟಿನಿಂದ ಮತ್ತೆ ಕೂಡಿಸಬಹುದು. ಒಣಗಿದ ಚೂರು ಮೊದಲು ಉಳಿದ ಹಲ್ಲಿಗಿಂತ ಬೆಳ್ಳಗೆ ಕಾಣುತ್ತದೆ, ಗಾಬರಿಯಾಗಬೇಡಿ. ನೀರು ಹೀರಿಕೊಂಡ ಮೇಲೆ ಕ್ರಮೇಣ ಬಣ್ಣ ಹೊಂದಿಕೊಳ್ಳುತ್ತದೆ. ಚೂರು ಹೊಂದದಿದ್ದರೆ ಆ ಮೂಲೆಯನ್ನು ಕಾಂಪೋಸಿಟ್‌ನಿಂದಲೇ ಕಟ್ಟಿಕೊಡುತ್ತಾರೆ.

ಹತ್ತು ವರ್ಷಕ್ಕೆ ಕ್ಯಾಪ್ ಬೇಡ. ಈ ವಯಸ್ಸಿನಲ್ಲಿ ಹಲ್ಲಿನೊಳಗಿನ ನರದ ಕೋಣೆ ದೊಡ್ಡದಾಗಿರುತ್ತದೆ, ಕೊರೆದರೆ ನರಕ್ಕೆ ತಾಗುವ ಅಪಾಯ ಹೆಚ್ಚು. ವಸಡಿನ ಅಂಚೂ ಇನ್ನೂ ತನ್ನ ಜಾಗಕ್ಕೆ ಬಂದಿರುವುದಿಲ್ಲ. ಪೆಟ್ಟು ಬಿದ್ದ ಹಲ್ಲಿನ ನರ ತಿಂಗಳುಗಳ ನಂತರವೂ ಸಾಯಬಹುದಾದ್ದರಿಂದ ವೈದ್ಯರು ಮತ್ತೆ ಬರಹೇಳಿದ ದಿನ ತಪ್ಪಿಸಬೇಡಿ. ಎಲ್ಲ ಶಾಲೆಗಳಿಗೂ ಹೇಳಬೇಕಾದ ಮಾತು: ಮಕ್ಕಳ ಶಾಶ್ವತ ಹಲ್ಲು ಬೇರುಸಹಿತ ಕಿತ್ತು ಬಂದರೆ ಬೇರನ್ನು ಮುಟ್ಟದೆ, ಉಜ್ಜದೆ, ಹಾಲಿನಲ್ಲಿ ಹಾಕಿಕೊಂಡು ಒಂದು ಗಂಟೆಯೊಳಗೆ ವೈದ್ಯರನ್ನು ತಲುಪಿದರೆ ಅದನ್ನು ಮರಳಿ ನೆಡುವ ಅವಕಾಶವಿರುತ್ತದೆ. ಬಿಸಿಯೂಟದ ಶಾಲೆಯಲ್ಲಿ ಹಾಲು ಸಿಗುವುದು ಕಷ್ಟವಲ್ಲ.

ಪ್ರಶ್ನೆ: ಚನ್ನಗಿರಿ ಕಡೆಯ ಅಡಿಕೆ ಬೆಳೆಗಾರ, ವಯಸ್ಸು 41. ಅಡಿಕೆ ಜಗಿಯುವ ಅಭ್ಯಾಸವಿದೆ, ಹಲ್ಲುಗಳು ಕಪ್ಪಾಗಿವೆ. ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತವೆ ಎನ್ನುತ್ತಾರೆ, ಅದಕ್ಕೇ ನೇರವಾಗಿ ವಿನಿಯರ್ ಹಾಕಿಸೋಣ ಎಂದಿದ್ದೇನೆ. ಈಚೆಗೆ ಖಾರ ತಿಂದರೆ ಬಾಯೆಲ್ಲ ಉರಿಯುತ್ತದೆ, ಬಾಯಿ ಮೊದಲಿನಷ್ಟು ತೆರೆಯುವುದಿಲ್ಲ.

ಉತ್ತರ: ನಿಮ್ಮ ಪತ್ರದ ಕೊನೆಯ ಸಾಲನ್ನು ಓದಿ ನನಗೆ ಆತಂಕವಾಯಿತು. ತೋರುಬೆರಳು, ನಡುಬೆರಳು, ಉಂಗುರಬೆರಳು, ಈ ಮೂರನ್ನೂ ಜೋಡಿಸಿ ಮೇಲಿನ ಮತ್ತು ಕೆಳಗಿನ ಬಾಚಿಹಲ್ಲುಗಳ ನಡುವೆ ನೆಟ್ಟಗೆ ಇಟ್ಟು ನೋಡಿ. ಹಿಡಿಸದಿದ್ದರೆ ತಡಮಾಡದೆ ಬಾಯಿ ಪರೀಕ್ಷೆ ಮಾಡಿಸಿ. ಅಡಿಕೆ ಜಗಿಯುವವರಲ್ಲಿ ಕೆನ್ನೆಯ ಒಳಪದರ ನಾರುಗಟ್ಟಿ ಬಿಗಿಯಾಗುವ ರೋಗವೊಂದಿದೆ, ಅದಕ್ಕೆ ಸಬ್‌ಮ್ಯೂಕಸ್ ಫೈಬ್ರೋಸಿಸ್ ಎನ್ನುತ್ತಾರೆ. ಖಾರಕ್ಕೆ ಉರಿ, ತೆರೆಯದ ಬಾಯಿ ಇವೇ ಅದರ ಲಕ್ಷಣಗಳು, ಮತ್ತು ಅದು ಕ್ಯಾನ್ಸರ್‌ಗೆ ತಿರುಗಬಲ್ಲದು. ತಂಬಾಕು ಹಾಕುವುದಿಲ್ಲ, ಬರೀ ಅಡಿಕೆ ತಾನೇ ಎಂದು ನಮ್ಮ ಕಡೆಯವರು ಸಮಾಧಾನ ಮಾಡಿಕೊಳ್ಳುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ, ತಂಬಾಕು ಬೆರೆಸದ ಅಡಿಕೆಯನ್ನೂ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಸಾಲಿಗೆ ಸೇರಿಸಿದೆ. ಅಡಿಕೆ ನಿಮಗೆ ಅನ್ನ ಕೊಡುವ ಬೆಳೆ ಎಂಬುದನ್ನು ಬಲ್ಲೆ. ಬೆಳೆಯಬೇಡಿ ಎನ್ನುತ್ತಿಲ್ಲ, ಜಗಿಯುವುದನ್ನು ಇವತ್ತೇ ಬಿಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ಹಲ್ಲಿನ ಕಪ್ಪು ಹೊರಗಿನ ಕಲೆ, ಕ್ಲೀನಿಂಗ್‌ನಲ್ಲೇ ಬಹುಪಾಲು ಹೋಗುತ್ತದೆ. ಕ್ಲೀನಿಂಗ್‌ನಿಂದ ಹಲ್ಲು ಸಡಿಲವಾಗುವುದಿಲ್ಲ. ವಸಡಿನಡಿಯ ಕಿಟ್ಟ ಮೂಳೆಯನ್ನು ತಿಂದು ಮೊದಲೇ ಸಡಿಲಗೊಳಿಸಿರುತ್ತದೆ. ಕಲ್ಲಿನಂತೆ ಕಟ್ಟಿದ್ದ ಕಿಟ್ಟ ತೆಗೆದಾಗ ಆ ಸಡಿಲ ನಮ್ಮ ಅರಿವಿಗೆ ಬರುತ್ತದೆ. ವಿನಿಯರ್ ವಿಚಾರ ಸದ್ಯಕ್ಕೆ ಬೇಡವೇ ಬೇಡ.

ಪ್ರಶ್ನೆ: ಆರು ವರ್ಷದ ಹಿಂದೆ ಬೈಕಿನಿಂದ ಬಿದ್ದಿದ್ದೆ. ಆಗ ಪೆಟ್ಟಾದ ಒಂದು ಮುಂದಿನ ಹಲ್ಲು ಈಗ ಬೂದುಗಪ್ಪಾಗಿದೆ, ನೋವಿಲ್ಲ. ಬ್ಲೀಚಿಂಗ್ ಮಾಡಿಸಿದರೆ ಸಾಕೇ? (ಚಿತ್ರದುರ್ಗದ ಓದುಗರು, 29 ವರ್ಷ)

ಉತ್ತರ: ಹೊರಗಿನಿಂದ ಮಾಡುವ ಬ್ಲೀಚಿಂಗ್ ಸಾಲದು. ಬೂದುಗಪ್ಪು ಬಣ್ಣ ಸಾಮಾನ್ಯವಾಗಿ ಒಳಗಿನ ನರ ಸತ್ತದ್ದರ ಗುರುತು. ನೋವಿಲ್ಲದೆಯೂ ಬೇರಿನ ತುದಿಯಲ್ಲಿ ಕೀವು ಕಟ್ಟಿರಬಹುದು. ಎಕ್ಸ್‌ರೇ ತೆಗೆಸಿ, ಅಗತ್ಯವಿದ್ದರೆ ರೂಟ್ ಕೆನಾಲ್ ಮಾಡಿಸಿ. ಅದಾದ ಮೇಲೆ ಬೇರಿನ ಬಾಯನ್ನು ಸಿಮೆಂಟಿನಿಂದ ಭದ್ರವಾಗಿ ಮುಚ್ಚಿ, ಹಲ್ಲಿನ ಒಳಗೇ ಬ್ಲೀಚಿಂಗ್ ಔಷಧವಿಟ್ಟು, ವಾರಕ್ಕೊಮ್ಮೆ ಬದಲಿಸುತ್ತಾರೆ. ಎರಡು ಮೂರು ಸಲಕ್ಕೆ ಬಣ್ಣ ಪಕ್ಕದ ಹಲ್ಲಿಗೆ ಹೊಂದುವುದನ್ನು ಅನೇಕರಲ್ಲಿ ಕಂಡಿದ್ದೇನೆ. ಹಲ್ಲು ಬೂದಾಗದೆ ಹಳದಿಯಾಗಿದ್ದರೆ ಕಥೆಯೇ ಬೇರೆ. ಆಗ ನರದ ನಾಳ ಒಳಗೇ ಸುಣ್ಣಗಟ್ಟಿ ಕಿರಿದಾಗಿರಬಹುದು, ರೂಟ್ ಕೆನಾಲ್ ಬೇಕಾಗದೆಯೂ ಇರಬಹುದು.

ಪ್ರಶ್ನೆ: ನಿಂಬೆರಸ, ಉಪ್ಪು ಸೇರಿಸಿ ಉಜ್ಜಿದರೆ ಹಲ್ಲು ಬೆಳ್ಳಗಾಗುತ್ತವೆಯೇ? (ಹರಿಹರ)

ಉತ್ತರ: ಬೇಡ. ನಿಂಬೆಯ ಆಮ್ಲ ಎನಾಮೆಲ್ಲನ್ನು ಮೆತ್ತಗಾಗಿಸುತ್ತದೆ, ಉಪ್ಪಿನ ಹರಳು ಅದನ್ನು ಕೆರೆಯುತ್ತದೆ. ಎರಡು ದಿನ ಹೊಳಪು ಕಂಡೀತು. ಎನಾಮೆಲ್ ತೆಳುವಾದಂತೆ ಒಳಗಿನ ಹಳದಿ ಡೆಂಟಿನ್ ಇಣುಕಿ ಹಲ್ಲು ಇನ್ನಷ್ಟು ಹಳದಿಯಾಗುತ್ತದೆ. ಇದ್ದಿಲ ಪುಡಿಯೂ ಹೀಗೆಯೇ ಉಜ್ಜಿ ಸವೆಸುತ್ತದೆ.

ಪ್ರಶ್ನೆ: ಎಂಟು ವರ್ಷದ ಮಗಳ ಮೇಲಿನ ಎರಡು ಬಾಚಿಹಲ್ಲುಗಳ ನಡುವೆ ಸಂದು ಬಿದ್ದಿದೆ. ಈಗಲೇ ಕ್ಲಿಪ್ ಹಾಕಿಸಿ ಮುಚ್ಚಿಸಬೇಕೇ? (ದಾವಣಗೆರೆ)

ಉತ್ತರ: ಈ ವಯಸ್ಸಿಗೆ ಆ ಸಂದು ಸಹಜ. ಮೇಲಿನ ಕೋರೆಹಲ್ಲುಗಳು ದವಡೆಯೊಳಗಿಂದ ಇಳಿಯುತ್ತ ಬಾಚಿಹಲ್ಲುಗಳ ಬೇರುಗಳನ್ನು ಒತ್ತುವುದರಿಂದ ಹಲ್ಲುಗಳ ತುದಿ ಅಗಲಗೊಂಡಿರುತ್ತದೆ. ಹನ್ನೊಂದು ಹನ್ನೆರಡನೆಯ ವರ್ಷಕ್ಕೆ ಕೋರೆಹಲ್ಲು ಪೂರ್ತಿ ಹೊರಬಂದಾಗ ಹೆಚ್ಚಿನ ಮಕ್ಕಳಲ್ಲಿ ಸಂದು ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ವರ್ಷಕ್ಕೊಮ್ಮೆ ತೋರಿಸುತ್ತಿರಿ. ಮೇಲ್ದುಟಿಯಿಂದ ಇಳಿದ ಚರ್ಮದ ಎಳೆ ದಪ್ಪವಾಗಿ ಎರಡು ಹಲ್ಲುಗಳ ನಡುವೆ ಹಾಯ್ದಿದ್ದರೆ, ಕೋರೆಹಲ್ಲು ಬಂದ ಮೇಲೂ ಸಂದು ಉಳಿದರೆ, ಕ್ಲಿಪ್ಪಿನ ಮಾತು ಆಗ ಆಡೋಣ.