ತನಿಯನೋ, ಚನಿಯನೋ?

ಸುರತ್ಕಲ್ ಕಡೆಯ ಓದುಗರೊಬ್ಬರು ಬರೆದಿದ್ದಾರೆ: "ಮಗನಿಗೆ ನನ್ನ ಮುತ್ತಜ್ಜನ ಹೆಸರಿಡಬೇಕು ಅಂತ ಆಸೆ. ಮನೆಯಲ್ಲಿ ಎಲ್ಲರೂ ಹೇಳುವುದು ತನಿಯ. ಜಾಗದ ಆರ್‌ಟಿಸಿಯಲ್ಲಿ ಚನಿಯ ಅಂತಿದೆ. ಅಜ್ಜನ ಶಾಲೆಯ ಸರ್ಟಿಫಿಕೇಟಿನಲ್ಲಿ ತಂದೆಯ ಹೆಸರು ಸನಿಯ. ಯಾವುದು ಸರಿ? ಹೆಂಡತಿಯ ಮನೆಯವರು ಘಟ್ಟದ ಮೇಲಿನವರು. ಇದೆಂಥ ಹೆಸರು ಅಂತ ಕೇಳುತ್ತಿದ್ದಾರೆ."

ಮಗು ಯಾವ ವಾರ ಹುಟ್ಟಿತು ಅಂತ ನೀವು ಬರೆದಿಲ್ಲ. ನಿಮ್ಮ ಮುತ್ತಜ್ಜ ಮಾತ್ರ ಶನಿವಾರ ಹುಟ್ಟಿದವರೇ ಇರಬೇಕು.

ತುಳುವಿನಲ್ಲಿ ಶನಿವಾರಕ್ಕೆ ಸನಿಯಾರ ಅನ್ನುವವರಿದ್ದಾರೆ, ಚನಿಯಾರ, ತನಿಯಾರ ಅನ್ನುವವರೂ ಇದ್ದಾರೆ. ಆ ದಿನ ಹುಟ್ಟಿದ ಗಂಡುಮಗು ತನಿಯ. ಐತಾರ, ಅಂದರೆ ಭಾನುವಾರ, ಹುಟ್ಟಿದವ ಐತ, ಮಂಗಳವಾರದವ ಅಂಗಾರ, ಬುಧವಾರದವ ಬೂದ, ಗುರುವಾರದವ ಗುರುವ, ಶುಕ್ರವಾರದವ ತುಕ್ರ. ಪಂಚಾಂಗ ಬೇಡ, ಭಟ್ಟರು ಬೇಡ, ವಾರ ನೆನಪಿದ್ದರೆ ಸಾಕು. ಗದ್ದೆಯಲ್ಲಿ ದುಡಿಯುವವರ ಮನೆಗಳಲ್ಲಿ ಈ ಹೆಸರುಗಳು ಜಾಸ್ತಿ. ಮಕ್ಕಳು ಶಾಲೆ ಮೆಟ್ಟಿಲು ಹತ್ತಿದ ಮೇಲೆ ಇವು ಕಮ್ಮಿಯಾದವು. ಹೆಸರು ಕೇಳಿ ಜಾತಿ ಲೆಕ್ಕ ಹಾಕುವವರು ಆಗಲೂ ಇದ್ದರು, ಈಗಲೂ ಇದ್ದಾರೆ ಅಲ್ವಾ?

ಇನ್ನು ಸ್ಪೆಲ್ಲಿಂಗು. ತುಳುವಿನ ಬಾಯಲ್ಲಿ ತ, ಸ, ಚ ಒಂದರ ಜಾಗಕ್ಕೆ ಇನ್ನೊಂದು ಬರುತ್ತಲೇ ಇರುತ್ತವೆ. ತಲೆಗೆ ಒಬ್ಬರು ತರೆ ಅಂದರೆ ಇನ್ನೊಬ್ಬರು ಸರೆ. ಸೊಪ್ಪು ಕೆಲವರಿಗೆ ಸಪ್ಪು, ಕೆಲವರಿಗೆ ತಪ್ಪು. (ಅದು ತಪ್ಪಲ್ಲ!) ಹಾಗಾಗಿ ನಿಮ್ಮ ಮೂರೂ ಹೆಸರು ಒಂದೇ. ಬರೆದುಕೊಂಡವರು ಕಿವಿಗೆ ಬಿದ್ದದ್ದನ್ನು ಬರೆದಿದ್ದಾರೆ, ಅಷ್ಟೇ. ಕಾರಂತರು 1933ರ 'ಚೋಮನ ದುಡಿ'ಯಲ್ಲಿ ಚೋಮನ ಮಗನನ್ನು ಚನಿಯ ಅಂತಲೇ ಕರೆದರು.

ನನಗೆ ಸಿಟ್ಟು ಬರುವುದು ಇದನ್ನು 'ತಿದ್ದಲು' ಹೊರಟವರ ಮೇಲೆ. ನಮ್ಮ ಬೈಲಿನಲ್ಲಿ ಒಬ್ಬ ತುಕ್ರಜ್ಜ ಇದ್ದರು. ಯಾರೋ ಪುಣ್ಯಾತ್ಮರು ವೋಟರ್ ಲಿಸ್ಟಿನಲ್ಲಿ ಶುದ್ಧ ಮಾಡಿ 'ಶುಕ್ರ' ಅಂತ ಬರೆದರು. ಬೂತಿನಲ್ಲಿ ಶುಕ್ರ, ಶುಕ್ರ ಅಂತ ಎರಡು ಸಲ ಕೂಗಿದರೂ ಅಜ್ಜ ಎಲೆ ಅಡಿಕೆ ಜಗಿಯುತ್ತಾ ಕೂತೇ ಇದ್ದರು. ಕರೆದದ್ದು ತನ್ನನ್ನೇ ಅಂತ ಗೊತ್ತಾದರೆ ತಾನೇ ಏಳುವುದು!

ನೀವೂ 'ಶನಿಯ' ಮಾಡಲು ಹೋಗಬೇಡಿ. ಹಳೆಯ ದಾಖಲೆಗಳನ್ನೂ ಕೆದಕಬೇಡಿ. ಜಾಗದ ವಿಷಯದಲ್ಲಿ ಯಾರಾದರೂ ತಕರಾರು ತೆಗೆದರೆ ಮೂರೂ ಹೆಸರು ಒಬ್ಬರದೇ ಅಂತ ಸ್ಟಾಂಪ್ ಪೇಪರಿನಲ್ಲಿ ಅಫಿಡವಿಟ್ ಮಾಡಿಸುವ ರೂಢಿ ಇದೆ. ವಕೀಲರನ್ನು ಒಮ್ಮೆ ಕೇಳಿ.

ಹೆಂಡತಿಯ ಮನೆಯವರಿಗೆ ನಮ್ಮ ತುಳುನಾಡಿನ ದೈವ ಕೊರಗಜ್ಜನ ಕತೆ ಹೇಳಿ. ಚಿನ್ನ ಕಳೆದುಹೋದರೆ ಚಕ್ಕುಲಿ, ವೀಳ್ಯದ ಹರಕೆ ಹೇಳಿಕೊಳ್ಳುತ್ತೇವಲ್ಲ, ಆ ಅಜ್ಜನ ಹೆಸರೇ ಕೊರಗ ತನಿಯ. ಒಮ್ಮೆ ಮಂಗಳೂರಿನ ಹತ್ತಿರ ಅಜ್ಜನ ಕಟ್ಟೆ ಇರುವ ಕುತ್ತಾರಿಗೆ ಕರೆದುಕೊಂಡು ಹೋದರೆ ಇನ್ನೂ ಒಳ್ಳೆಯದು.

ಮಗುವಿಗೆ ತನಿಯ ಅಂತಲೇ ಇಡಿ, ಮನೆಯಲ್ಲಿ ಕರೆಯುವುದು ಅದನ್ನೇ ತಾನೇ. ಇಂಗ್ಲಿಷಿನಲ್ಲಿ ಬರೆಯುವಾಗ ಮಾತ್ರ ಟಿ ಪಕ್ಕ ಎಚ್ ಬಿಡಬೇಡಿ. ಬರೀ ಟಿ ಹಾಕಿದರೆ ಬೆಂಗಳೂರಿನಲ್ಲಿ 'ತಾನ್ಯಾ' ಅಂತ ಓದಿ ಹುಡುಗಿಯರ ಸಾಲಿನಲ್ಲಿ ಕೂರಿಸಿಯಾರು.

– ಸಂ.