ಅಪ್ಪ ಮಾಡಿದ ಸಾಲವನ್ನು ಮಗ ತೀರಿಸಲೇಬೇಕಾ?

ನೀವು ಬರೆದಿರುವುದರ ಸಾರ ಇಷ್ಟು. ನಿಮ್ಮ ತಂದೆ ಹೋದ ತಿಂಗಳು ತೀರಿಕೊಂಡರು. ಊರಲ್ಲಿ ನಾಲ್ಕು ಎಕರೆ ಪಿತ್ರಾರ್ಜಿತ ಜಮೀನಿದೆ. ಸೊಸೈಟಿಯಲ್ಲಿ ಬೆಳೆಸಾಲ ಇದೆ. ಬಡ್ಡಿ ವ್ಯವಹಾರದವರೊಬ್ಬರ ಹತ್ತಿರ ತಂದೆಯ ಪ್ರೋನೋಟು, ಅಂದರೆ ಹಣ ಕೊಡುತ್ತೇನೆ ಅಂತ ಸಹಿ ಮಾಡಿದ ಸಾಲಪತ್ರ, ಇದೆ. ಅಕ್ಕಪಕ್ಕದವರ ಹತ್ತಿರ ಕೈಗಡವೂ ಇದೆ. ನೀವು ಬೆಂಗಳೂರಲ್ಲಿ ಸಂಬಳಕ್ಕೆ ದುಡಿಯುತ್ತಿದ್ದೀರಿ. ಬಡ್ಡಿಯವರು ನಿಮ್ಮ ಹೆಸರಿಗೆ ಹೊಸ ಬಾಂಡ್ ಪೇಪರ್ ತಂದು ಸಹಿ ಕೇಳುತ್ತಿದ್ದಾರೆ. ಚಿಕ್ಕಪ್ಪ, "ಪಿತೃಋಣ ಕಣಪ್ಪಾ, ಸಹಿ ಹಾಕು, ಸಾಲ ನಿನ್ನ ತಲೆಗೆ ಬಂದಮೇಲೆ ತಂಗಿ ಹತ್ತಿರ ಹಕ್ಕು ಬಿಡುಗಡೆ ಬರೆಸಿಕೋ" ಅನ್ನುತ್ತಿದ್ದಾರೆ. ಕಾನೂನು ಏನು ಹೇಳುತ್ತದೆ ಅಂತ ಕೇಳಿದ್ದೀರಿ.

ನಾನು ತಾಲೂಕು ಕೋರ್ಟಿನಲ್ಲಿ ವಕೀಲಿ ಮಾಡುತ್ತೇನೆ. ಸಾಲದ ದಾವೆ, ಪಾಲಿನ ದಾವೆ ನನ್ನ ನಿತ್ಯದ ಕೆಲಸ. ನೇರ ಉತ್ತರ ಮೊದಲು ಹೇಳುತ್ತೇನೆ. ಮಗ ಎಂಬ ಒಂದೇ ಕಾರಣಕ್ಕೆ ನಿಮ್ಮ ಸಂಬಳದಿಂದ ತಂದೆಯ ಸಾಲ ತೀರಿಸಿ ಅಂತ ಕೋರ್ಟು ಹೇಳುವುದಿಲ್ಲ. ತಂದೆಯಿಂದ ನಿಮ್ಮ ಕೈಗೆ ಎಷ್ಟು ಆಸ್ತಿ ಬಂದಿದೆಯೋ ಅಷ್ಟಕ್ಕೆ ಮಾತ್ರ ನಿಮ್ಮ ಹೊಣೆ. ಆ ಬಾಂಡ್ ಪೇಪರಿಗೆ ದಯವಿಟ್ಟು ಸಹಿ ಹಾಕಬೇಡಿ.

ನಿಮ್ಮ ಚಿಕ್ಕಪ್ಪ ಸುಮ್ನೆ ಏನೋ ಹೇಳುತ್ತಿದ್ದಾರೆ ಅಂತಲ್ಲ. ಅವರ ಮಾತಿಗೆ ಬಹಳ ಹಳೆಯ ಬೇರಿದೆ. ತಂದೆಯ ಸಾಲವನ್ನು ಮಗ ಬಡ್ಡಿ ಸಮೇತ ತೀರಿಸಬೇಕು, ಮೊಮ್ಮಗ ಅಸಲು ಮಾತ್ರ ಕೊಟ್ಟರೆ ಸಾಕು ಅನ್ನುವುದು ಧರ್ಮಶಾಸ್ತ್ರದ ಕಟ್ಟಳೆ. ಯಾಜ್ಞವಲ್ಕ್ಯ ಸ್ಮೃತಿಗೆ ವಿಜ್ಞಾನೇಶ್ವರರು ಬರೆದ ವ್ಯಾಖ್ಯಾನವೇ ಮಿತಾಕ್ಷರಾ. ಅದು ಹುಟ್ಟಿದ್ದು ನಮ್ಮ ನೆಲದಲ್ಲೇ, ಇವತ್ತಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿ. 1076ರಿಂದ 1126ರವರೆಗೆ ಆಳಿದ ಚಾಲುಕ್ಯ ಆರನೇ ವಿಕ್ರಮಾದಿತ್ಯನ ಕಾಲದಲ್ಲಿ. ಬಂಗಾಳ, ಅಸ್ಸಾಂ ಬಿಟ್ಟರೆ ದೇಶದ ಹೆಚ್ಚಿನ ಕಡೆ ಹಿಂದೂ ಮನೆಗಳ ಆಸ್ತಿ ವ್ಯವಹಾರ ನಡೆದದ್ದು ಅದರ ಆಧಾರದ ಮೇಲೆ.

ಆದರೆ ಊರಿನ ಹಿರಿಯರು ಈ ಕಟ್ಟಳೆಯ ಅರ್ಧ ಮಾತ್ರ ನೆನಪಿಟ್ಟಿದ್ದಾರೆ. ಇನ್ನರ್ಧವೂ ಅದೇ ಸ್ಮೃತಿಯಲ್ಲಿದೆ. ಕುಡಿತಕ್ಕೆ, ಜೂಜಿಗೆ, ಕಾಮದ ಚಟಕ್ಕೆ ತಂದೆ ಮಾಡಿದ ಸಾಲವನ್ನು ಮಗ ತೀರಿಸಬೇಕಿಲ್ಲ. ತಂದೆ ಕಟ್ಟದೆ ಬಿಟ್ಟ ದಂಡ, ಸುಂಕ ಕೂಡ ಮಗನಿಗೆ ಅಂಟುವುದಿಲ್ಲ. ಇಂಥ ಸಾಲಗಳಿಗೆ ಕೋರ್ಟುಗಳು 'ಅವ್ಯಾವಹಾರಿಕ' ಅನ್ನುವ ಹೆಸರು ಇಟ್ಟುಕೊಂಡವು. ಬಡ್ಡಿಗೂ ಮಿತಿ ಇತ್ತು. ಒಂದೇ ಸಲಕ್ಕೆ ವಸೂಲು ಮಾಡುವ ಬಡ್ಡಿ ಅಸಲನ್ನು ಮೀರಬಾರದು. ಇದಕ್ಕೆ ದಾಮದುಪ್ಪಟ್ಟು ಅನ್ನುತ್ತಾರೆ. ಮುಂಬಯಿ ಪ್ರಾಂತದ ಕೋರ್ಟುಗಳು ಹಿಂದೂಗಳ ನಡುವಿನ ಸಾಲಕ್ಕೆ ಇದನ್ನು ಜಾರಿಗೆ ತಂದವು. ಪಿತೃಋಣದ ಹೆಸರು ಹೇಳಿ ಹಣ ಕೇಳುವವರು ದಾಮದುಪ್ಪಟ್ಟಿನ ಹೆಸರು ಹೇಳಿದ್ದನ್ನು ನಾನು ಕೇಳಿಲ್ಲ.

ಬ್ರಿಟಿಷರ ಕಾಲದಲ್ಲಿ ಇದು ಇನ್ನೂ ಬಿಗಿಯಾಯಿತು. ಮುಂಬಯಿ ಪ್ರಾಂತದಲ್ಲಿ, ಅಂದರೆ ನಮ್ಮ ಧಾರವಾಡ, ಬೆಳಗಾವಿ ಸೀಮೆಯಲ್ಲಿ, ತಂದೆಯಿಂದ ಒಂದು ಪೈಸೆ ಆಸ್ತಿ ಬರದಿದ್ದರೂ ಮಗ ಸಾಲಕ್ಕೆ ಹೊಣೆ ಅಂತ ಕೋರ್ಟುಗಳು ಹೇಳುತ್ತಿದ್ದವು. 1866ರಲ್ಲಿ ಪ್ರಾಂತದ ಸರ್ಕಾರವೇ ಕಾಯ್ದೆ ಮಾಡಿ, ಬಂದ ಆಸ್ತಿಯ ಮಟ್ಟಿಗೆ ಮಾತ್ರ ಹೊಣೆ ಅಂತ ಬದಲಿಸಬೇಕಾಯಿತು. ಆದರೂ ಕುಟುಂಬದ ಜಮೀನಿನಲ್ಲಿ ಮಗನಿಗೆ ಹುಟ್ಟಿನಿಂದ ಬಂದ ಪಾಲನ್ನು ತಂದೆಯ ಸ್ವಂತ ಸಾಲಕ್ಕೂ ಹರಾಜು ಹಾಕಬಹುದಿತ್ತು. ಇದು ಮುಗಿದದ್ದು ತೀರಾ ಈಚೆಗೆ. ಹಿಂದೂ ಉತ್ತರಾಧಿಕಾರ ಕಾಯ್ದೆಯ ತಿದ್ದುಪಡಿ 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂತು. ಅದರ 6(4)ನೇ ಕಲಂ ಪ್ರಕಾರ, ಆ ದಿನದ ನಂತರ ಮಾಡಿದ ಸಾಲಕ್ಕೆ, ಧರ್ಮದ ಕರ್ತವ್ಯ ಅನ್ನುವ ಒಂದೇ ಕಾರಣ ಹೇಳಿ ಮಗನ ಮೇಲಾಗಲಿ ಮೊಮ್ಮಗನ ಮೇಲಾಗಲಿ ವಸೂಲಿಗೆ ಹೋಗುವಂತಿಲ್ಲ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಈ ಪದ್ಧತಿ ಇಷ್ಟು ಕಾಲ ಉಳಿದದ್ದು ಬರೀ ಪರಲೋಕದ ಭಯದಿಂದ ಅಂತ ನನಗೆ ಅನಿಸುವುದಿಲ್ಲ. ಬ್ಯಾಂಕಿಲ್ಲದ ಊರಲ್ಲಿ ಮಳೆ ನಂಬಿದ ರೈತನಿಗೆ ಯಾರು ಸಾಲ ಕೊಡಬೇಕು? ಸಾಹುಕಾರ ನೋಡುತ್ತಿದ್ದದ್ದು ರೈತನ ಮನೆಯಲ್ಲಿ ಎಷ್ಟು ಗಂಡುಮಕ್ಕಳಿದ್ದಾರೆ ಅಂತ. ಸಾಲ ಮನುಷ್ಯನಿಗಲ್ಲ, ಮನೆತನಕ್ಕೆ. ಮಗನ ದುಡಿಮೆಯೇ ಅಡಮಾನ. ಇದರಿಂದ ಬಡವನಿಗೂ ಬಿತ್ತನೆ ಹೊತ್ತಿಗೆ ಕಾಸು ಸಿಕ್ಕಿತು, ನಿಜ. ಆದರೆ ಬೆಲೆ ಕೊಟ್ಟವರು ಆ ವ್ಯವಹಾರದಲ್ಲಿ ಮಾತೇ ಇಲ್ಲದ ಮಕ್ಕಳು. ಇದರ ಅತಿ ಕ್ರೂರ ರೂಪ ಜೀತ. ಅಪ್ಪನ ಸಾಲಕ್ಕೆ ಹುಡುಗನನ್ನು ಗೌಡರ ಮನೆಯಲ್ಲಿ ದನ ಕಾಯಲು ಬಿಡುವುದು, ಅವನು ಬೆಳೆದು ಮದುವೆಯಾದರೂ ಲೆಕ್ಕ ಚುಕ್ತಾ ಆಗದಿರುವುದು. 1976ರ ಜೀತ ಪದ್ಧತಿ ರದ್ದು ಕಾಯ್ದೆ ಬರೆದವರಿಗೆ ಇದು ಗೊತ್ತಿತ್ತು. ಅದಕ್ಕೇ ಜೀತ ಎಂದರೇನು ಎಂದು ವಿವರಿಸುವಾಗ, ವಂಶದಿಂದ ಬಂದ ಹೊಣೆಗಾಗಿ ದುಡಿಯುವುದನ್ನೂ ಹೆಸರಿಸಿ ಸೇರಿಸಿದರು. ಆ ಸಾಲಗಳೆಲ್ಲ ರದ್ದು ಎಂದೂ ಬರೆದರು. ಈ ಸಾಲುಗಳನ್ನು ಓದುವಾಗಲೆಲ್ಲ ನನಗೆ ಗೌರವ ಮೂಡುತ್ತದೆ.

ಈಗ ನಿಮ್ಮ ಬಾಂಡ್ ಪೇಪರಿನ ವಿಷಯ. 2005ರ ನಂತರ ಸಾಲ ಕೊಡುವವರು ಸುಮ್ಮನೆ ಕೂರಲಿಲ್ಲ. ತಂದೆ ಬದುಕಿದ್ದಾಗಲೇ ಮಗನನ್ನು ಜಾಮೀನುದಾರ ಮಾಡಿಸುತ್ತಾರೆ, ಇಲ್ಲವೇ ಹೆಂಡತಿಯನ್ನು ಸಹಸಾಲಗಾರ್ತಿ ಮಾಡಿಸುತ್ತಾರೆ. ಹಾಗೆ ಸಹಿ ಮಾಡಿದ್ದರೆ ಕಥೆಯೇ ಬೇರೆ. ಕರಾರು ಕಾಯ್ದೆಯ 128ನೇ ಕಲಂ ಪ್ರಕಾರ ಜಾಮೀನುದಾರನ ಹೊಣೆ ಸಾಲಗಾರನಷ್ಟೇ. ನೀವು, ನಿಮ್ಮ ತಾಯಿ ಎಲ್ಲಾದರೂ ಸಹಿ ಅಥವಾ ಹೆಬ್ಬೆಟ್ಟು ಹಾಕಿದ್ದೀರಾ ಅಂತ ಮೊದಲು ಪತ್ತೆ ಮಾಡಿ. ಹಾಕಿಲ್ಲದಿದ್ದರೆ, ನಿಮ್ಮ ಸ್ವಂತ ದುಡಿಮೆಗೆ ಕೈಹಾಕಲು ಅವರಿಗೆ ಉಳಿದಿರುವ ದಾರಿ ಒಂದೇ. ತಿಥಿ ಮನೆಗೆ ಬರುವುದು, ನೆಂಟರ ಮುಂದೆ ಕೇಳುವುದು, ನಾಚಿಕೆಯಲ್ಲಿ ಸಹಿ ಪಡೆಯುವುದು. ಕಾನೂನು ಅವರಿಂದ ತೆಗೆದುಕೊಂಡದ್ದನ್ನು ನಿಮ್ಮ ಸಹಿ ವಾಪಸ್ ಕೊಡುತ್ತದೆ.

ಇಂಥ ಕಾಗದಗಳಲ್ಲಿ ಸಾಮಾನ್ಯವಾಗಿ ಏನು ಬರೆದಿರುತ್ತದೆ ಗೊತ್ತಾ? "ಈ ದಿನ ನನ್ನ ಸ್ವಂತ ಅಡಚಣೆಗಾಗಿ ನಗದು ಪಡೆದಿರುತ್ತೇನೆ" ಅಂತ. ಅಪ್ಪನ ಹೆಸರೇ ಇರುವುದಿಲ್ಲ. ಸಹಿ ಬಿದ್ದ ಗಳಿಗೆಯಿಂದ ಅದು ನಿಮ್ಮದೇ ಸಾಲ. ಅದು ಪ್ರೋನೋಟಾಗಿದ್ದರಂತೂ ನೀವು ಹಣ ಪಡೆದಿದ್ದೀರಿ ಅಂತಲೇ ಕೋರ್ಟು ಮೊದಲು ಭಾವಿಸುತ್ತದೆ. ಪಡೆದಿಲ್ಲ ಅಂತ ತೋರಿಸುವ ಭಾರ ನಿಮ್ಮದು. ಜೊತೆಗೆ ಖಾಲಿ ಚೆಕ್ ಕೊಟ್ಟು ಅದು ಬೌನ್ಸ್ ಆದರೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಂ ಕೇಸು, ಎರಡು ವರ್ಷದವರೆಗೆ ಜೈಲು ಆಗಬಹುದಾದ ಕ್ರಿಮಿನಲ್ ಕೇಸು. ನನ್ನ ಹತ್ತಿರ ಬಂದ ಒಂದು ಮನೆಯಲ್ಲಿ ಹಿರಿಮಗ ವೈಕುಂಠ ಸಮಾರಾಧನೆಯ ದಿನ ಹೀಗೆ ಸಹಿ ಮಾಡಿದ್ದರು. ಅಪ್ಪನ ಹಳೆಯ ಪ್ರೋನೋಟಿನ ಅವಧಿ ಎಂದೋ ಮುಗಿದುಹೋಗಿತ್ತು. ಕೊನೆಗೆ ಜಪ್ತಿಗೆ ಬಂದದ್ದು ಆ ಮಗ ಪೇಟೆಯಲ್ಲಿ ಕಟ್ಟಿಸಿದ ಮನೆ.

ಹಾಗಾಗಿ ತಂದೆಯ ಪ್ರೋನೋಟಿನ ಜೆರಾಕ್ಸ್ ಕೇಳಿ, ತಾರೀಖು ನೋಡಿ. 'ಕೇಳಿದಾಗ ಕೊಡುತ್ತೇನೆ' ಎಂಬ ಪ್ರೋನೋಟಾದರೆ ಬರೆದ ದಿನದಿಂದ ಮೂರು ವರ್ಷದೊಳಗೆ ದಾವೆ ಹಾಕಬೇಕು. ನಡುವೆ ತಂದೆ ಬರವಣಿಗೆಯಲ್ಲಿ ಸಾಲ ಒಪ್ಪಿದ್ದರೆ, ಅಥವಾ ಹಣ ಕಟ್ಟಿ ಹಿಂಬದಿಯಲ್ಲಿ ಬರೆದು ಸಹಿ ಮಾಡಿದ್ದರೆ, ಅಲ್ಲಿಂದ ಮತ್ತೆ ಮೂರು ವರ್ಷ. ಇದನ್ನು ತಿಳಿಯದೆ ನೀವು ವಾಟ್ಸ್ಆ್ಯಪ್‌ನಲ್ಲೂ "ಕೊಡ್ತೀನಿ ಸರ್, ಟೈಮ್ ಕೊಡಿ" ಅಂತ ಬರೆಯಬೇಡಿ.

ಸೊಸೈಟಿ ಸಾಲ ಬೇರೆ ತರಹ. ಪಹಣಿಯ 11ನೇ ಕಾಲಂ ನೋಡಿ, ಅಲ್ಲಿ ಋಣ ನಮೂದಾಗಿರುತ್ತದೆ. ಜಮೀನಿನ ಮೇಲೆ ಕೂತ ಸಾಲ ಜಮೀನಿನ ಜೊತೆಗೇ ಬರುತ್ತದೆ. ತೀರಿಸದೆ ಮಾರಲಾಗುವುದಿಲ್ಲ, ಹೊಸ ಬೆಳೆಸಾಲವೂ ಕಷ್ಟ. ಅದನ್ನು ತೀರಿಸಿ ಅಥವಾ ನವೀಕರಿಸಿ.

ಜಮೀನು ಪಿತ್ರಾರ್ಜಿತ ಆದ್ದರಿಂದ ಇನ್ನೊಂದು ಸೂಕ್ಷ್ಮ ಇದೆ. ಅದರಲ್ಲಿ ನಿಮಗೂ ತಂಗಿಗೂ ಹುಟ್ಟಿನಿಂದ ಪಾಲಿದೆ. ತಂದೆ ತಮ್ಮ ಸ್ವಂತ ಖರ್ಚಿಗೆ ಮಾಡಿದ ಸಾಲಕ್ಕೆ ತಂದೆಯ ಪಾಲು ಮಾತ್ರ ಗುರಿ. ಆದರೆ ಮನೆಯ ಯಜಮಾನರಾಗಿ ಕುಟುಂಬದ ಅಗತ್ಯಕ್ಕೆ, ಬೋರ್‌ವೆಲ್ಲಿಗೆ, ಬೀಜ ಗೊಬ್ಬರಕ್ಕೆ, ಆಸ್ಪತ್ರೆಗೆ, ಮದುವೆಗೆ ಮಾಡಿದ್ದಾದರೆ ಇಡೀ ಜಮೀನು ಹೊಣೆ. ಆಗಲೂ ನಿಮ್ಮ ಸಂಬಳ ಅಲ್ಲ. ಒಂದು ಎಚ್ಚರಿಕೆ: ಬಂದ ಜಮೀನು ಮಾರಿ ಆ ದುಡ್ಡಲ್ಲಿ ಕಾರು ಕೊಂಡು, ಸಾಲ ಕೊಟ್ಟವರಿಗೆ ಏನೂ ಇಲ್ಲ ಅಂದರೆ, ಅಷ್ಟು ಮೊತ್ತಕ್ಕೆ ನೀವೇ ಖುದ್ದಾಗಿ ಸಿಕ್ಕಿಬೀಳುತ್ತೀರಿ. ತಂದೆಯ ಸಾಲಕ್ಕೇ ಕಟ್ಟಿದ್ದರೆ ತೊಂದರೆ ಇಲ್ಲ, ರಸೀದಿ ಇಟ್ಟುಕೊಳ್ಳಿ. ತಂದೆಯ ಜೀವವಿಮೆಯ ಹಣವನ್ನು ಸಾಲ ಕೊಟ್ಟವರು ಜಪ್ತಿ ಮಾಡುವಂತಿಲ್ಲ. ತಾಯಿಯ ಸ್ವಂತ ಒಡವೆಯೂ ತಂದೆಯ ಸಾಲಕ್ಕೆ ಸಲ್ಲುವುದಿಲ್ಲ. ಅದನ್ನು ಅವರ ಮೈಮೇಲಿಂದ ಬಿಚ್ಚಿಸಲು ಯಾರಿಗೂ ಬಿಡಬೇಡಿ.

ಮನೆ ಮುಂದೆ ಬಂದು ಕೂರುವುದು, ತಾಯಿಗೆ ಬೈಯುವುದು ನಡೆದರೆ ಪೊಲೀಸ್ ಠಾಣೆಗೆ ಹೋಗಿ. ಬಡ್ಡಿ ವ್ಯವಹಾರಕ್ಕೆ ಲೈಸೆನ್ಸ್ ಬೇಕು ಅಂತ ಕರ್ನಾಟಕದಲ್ಲಿ 1961ರ ಕಾಯ್ದೆಯೇ ಇದೆ. ಮಿತಿಮೀರಿದ ಬಡ್ಡಿಯ ವಿರುದ್ಧ 2004ರ ಕಾಯ್ದೆ ಇದೆ. ಕಿರುಸಾಲ, ಸಣ್ಣ ಸಾಲಗಳ ಬಲವಂತದ ವಸೂಲಿಗೆ ಹತ್ತು ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ವಿಧಿಸಬಹುದು ಅಂತ 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದಿತು.

ಇನ್ನು ಕೈಗಡ. ಇದು ಕಾನೂನಿನ ಪ್ರಶ್ನೆ ಅಲ್ಲ, ಆದರೂ ಹೇಳುತ್ತೇನೆ. ಪಕ್ಕದ ಮನೆಯವರು ತಂದೆಯನ್ನು ಆಸ್ಪತ್ರೆಗೆ ಸೇರಿಸುವಾಗ ಕೈಗೆ ಸಿಕ್ಕಷ್ಟು ಕೊಟ್ಟರು ಅಂತ ಬರೆದಿದ್ದೀರಿ. ಕಾಗದ ಇಲ್ಲ, ಬಡ್ಡಿ ಇಲ್ಲ. ಕೋರ್ಟಿಗೆ ಹೋದರೆ ಸಾಬೀತು ಮಾಡಲು ಅವರು ಹೆಣಗಾಡಬೇಕು. ಹೋಗುವವರೂ ಅಲ್ಲ. ನನ್ನನ್ನು ಕೇಳಿದರೆ ಮೊದಲು ಅವರಿಗೆ ಕೊಡಿ, ನಿಮ್ಮ ಸಂಬಳದಿಂದಲೇ ಕೊಡಿ. ರಾತ್ರಿ ಹನ್ನೆರಡಕ್ಕೆ ಬಾಗಿಲು ಬಡಿದರೆ ಎದ್ದು ಬರುವ ಬ್ಯಾಂಕು ಊರಲ್ಲಿ ಇರುವುದು ಅವರೊಬ್ಬರೇ. ಬಡ್ಡಿಯವರು ಪಿತೃಋಣ ಅಂತ ಜೋರಾಗಿ ಕೂಗುತ್ತಾರೆ, ಇವರು ಬಾಯಿ ಬಿಡುವುದಿಲ್ಲ. ಜೋರಾಗಿ ಕೇಳಿದವರಿಗೆ ಮೊದಲು ಸಲ್ಲುವುದು ನಮ್ಮ ಊರುಗಳಲ್ಲಿ ನಾನು ಕಂಡ ದೊಡ್ಡ ಅನ್ಯಾಯ. ಬಡ್ಡಿಯವರದ್ದು ಅವಧಿಯೊಳಗಿದ್ದರೆ, ಅಸಲೆಷ್ಟು, ತಂದೆ ಈಗಾಗಲೇ ಕಟ್ಟಿದ್ದೆಷ್ಟು ಅಂತ ಲೆಕ್ಕ ಹಾಕಿಸಿ. ಒಂದೇ ಬಾರಿಗೆ ಚುಕ್ತಾ ಮಾಡಿ, ಬ್ಯಾಂಕಿನ ಮೂಲಕ ಕಟ್ಟಿ, ಮೂಲ ಪ್ರೋನೋಟನ್ನು ವಾಪಸ್ ತೆಗೆದುಕೊಳ್ಳಿ.

ಕೊನೆಗೆ ತಂಗಿಯ ವಿಷಯ. ಇದರಲ್ಲಿ ನಿಮ್ಮ ಚಿಕ್ಕಪ್ಪನ ಮಾತು ನನಗೆ ಒಪ್ಪಿಗೆಯಿಲ್ಲ. ಕರ್ನಾಟಕ 1994ರ ಜುಲೈ 30ರಿಂದಲೇ, ಆಗ ಮದುವೆಯಾಗದಿದ್ದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಹುಟ್ಟಿನ ಹಕ್ಕು ಕೊಟ್ಟಿತು. 2005ರಲ್ಲಿ ಇಡೀ ದೇಶಕ್ಕೆ ಬಂತು. 2020ರಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನು ಗಟ್ಟಿ ಮಾಡಿತು. ಹಿಂದೂ ಉತ್ತರಾಧಿಕಾರ ಕಾಯ್ದೆಯ ಅದೇ 6ನೇ ಕಲಂನಲ್ಲಿ, ಮಗಳಿಗೆ ಮಗನಷ್ಟೇ ಹಕ್ಕು, ಮಗನಷ್ಟೇ ಹೊಣೆ ಅಂತ ಬರೆದಿದೆ. ಅಂದರೆ ಜಮೀನಿನ ಮೇಲಿನ ಸಾಲ ನಿಮ್ಮೊಬ್ಬರ ತಲೆಗೆ ಬರುವುದಿಲ್ಲ, ಅವರ ಪಾಲಿನ ಮೇಲೂ ಬರುತ್ತದೆ. "ಸಾಲ ಅಣ್ಣನಿಗೆ, ಅದಕ್ಕೆ ಜಮೀನೂ ಅಣ್ಣನಿಗೆ" ಅನ್ನುವ ಲೆಕ್ಕದಲ್ಲಿ ಸಾಲ ಎಷ್ಟು, ಜಮೀನಿನ ಬೆಲೆ ಎಷ್ಟು ಅಂತ ಯಾರೂ ಪಕ್ಕಪಕ್ಕ ಬರೆದು ನೋಡುವುದಿಲ್ಲ. ಬರೆದರೆ ಹೆಚ್ಚಿನ ಮನೆಗಳಲ್ಲಿ ಜಮೀನಿನ ಬೆಲೆಯೇ ಎಷ್ಟೋ ಪಟ್ಟು ಜಾಸ್ತಿ ಇರುತ್ತದೆ, ಅಲ್ವಾ?

ನೀವು, ತಾಯಿ, ತಂಗಿ ಮೂವರೂ ಕೂತು ಸಾಲದ ಪಟ್ಟಿ ಮಾಡಿ. ತಂದೆಯ ಪಾಲಿನಲ್ಲಿ ತಾಯಿಗೂ ನಿಮ್ಮಿಬ್ಬರಷ್ಟೇ ಹಕ್ಕಿದೆ, ಅದು ಮರೆಯದಿರಲಿ. ಅಗತ್ಯ ಬಿದ್ದರೆ ಜಮೀನಿನ ಬೆಳೆಯಿಂದ ಬಂದ ಹಣವನ್ನು ಸಾಲಕ್ಕೆ ಕಟ್ಟಬಹುದು. ಪೌತಿ ಖಾತೆಗೆ, ಅಂದರೆ ತಂದೆಯ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸಲು, ಅರ್ಜಿ ಹಾಕುವಾಗ ವಂಶವೃಕ್ಷದಲ್ಲಿ ತಂಗಿಯ ಹೆಸರು ಬಿಡಬೇಡಿ. ಸಾಲದ ಪಟ್ಟಿಯ ಒಂದು ಜೆರಾಕ್ಸ್ ಅವರಿಗೂ ಕೊಡಿ.